ಟವೆಲ್ಲಿನ ಕೆಳಗಿನ ಬನ್ನಿ

ಎಪ್ಪತ್ತರ ದಶಕದ ನಡುವಿನ ಆ ದಸರಾದ ಅವಲಕ್ಕಿ ಚೂಡಾ-ಚಹಾಕ್ಕೆ ನನಗೆ ಹದಿನಾಲ್ಕು ರೂಪಾಯಿ ಬಿತ್ತು. ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡಬಾರದು. ಹೋಳಿಗೆ ಇಲ್ಲ, ತೋರಣ ಇಲ್ಲ. ಆದರೂ ಖರ್ಚು ಮಾಡಿದ್ದು ಹೆಂಡತಿಯ ಒಂದು ಮಾತಿಗೆ. ಬೇಸಿಗೆಯಲ್ಲಿ ಆಸ್ಪತ್ರೆಯ ಮಂಚದ ಮೇಲೆ ಆಕೆ ಹೇಳಿದ್ದಳು: "ಈ ದಸರಾಕ್ಕರ ಅವರ ಕೂಡ ಮಾತಾಡ್ರಿ. ನೀವ ಸಣ್ಣಾವ್ರು ಅಂತ ಒಪ್ಪಿಕೊಂಡ್ರ ಏನ್ ಗಂಟು ಹೋಗ್ತದ?"

'ಅವರು' ಎಂದರೆ ಬಬಲೇಶ್ವರದ ಕಡೆಯ ನಿಡೋಣಿಯ ನನ್ನ ಗೆಳೆಯ. ಇಬ್ಬರೂ ದನದ ದಲಾಲರು. ತಿಕೋಟಾದ ಸಂತೆಯಲ್ಲಿ ಬರಿಗೈಯಲ್ಲಿ ಒಟ್ಟಿಗೆ ಶುರು ಮಾಡಿದವರು. ಒಂದು ಜೋಡಿ ಹೋರಿಯ ವ್ಯಾಪಾರದಲ್ಲಿ ಮಾತಿಗೆ ಮಾತು ಬೆಳೆದು, ಮಾತೇ ನಿಂತುಹೋಯಿತು. ನಮ್ಮ ಕಡೆ ದಸರಾದಂದು ಬನ್ನಿ ಎಲೆ ಕೊಟ್ಟರೆ ಹಳೆಯ ಜಗಳ ಮುಗಿಯಿತು. ಆದರೆ ಸಣ್ಣವನೇ ದೊಡ್ಡವನ ಮನೆಗೆ ಹೋಗಿ, ಕೊಟ್ಟು, ಕಾಲಿಗೆ ಬಗ್ಗಬೇಕು. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ನಮಗೆ ನಮ್ಮ ವಯಸ್ಸೇ ಗೊತ್ತಿರಲಿಲ್ಲ. ತಾನೇ ದೊಡ್ಡವನೆಂದು ಅವನು ನಿಡೋಣಿಯಲ್ಲಿ ಕೂತ. ನಾನೇ ದೊಡ್ಡವನೆಂದು ನಾನು ವಿಜಾಪುರದಲ್ಲಿ ಕೂತೆ. ಮೂರು ದಸರಾ ಹೀಗೇ ಹೋದವು. ಹೆಂಡತಿಯ ಮಣ್ಣಿಗೆ ಬಂದಿದ್ದ. ನನ್ನ ಜೊತೆ ಮಾತಾಡದೆ ಹೋಗಿದ್ದ.

ಆಗಲೂ ನಾನು ಅವನ ಮನೆಗೆ ಹೋಗಲಿಲ್ಲ. ಸಂತೆಯಲ್ಲಿ ಅವನಿಗೆ ಕೇಳುವಷ್ಟು ದೂರ ನಿಂತು ಬೇರೆಯವರಿಗೆ ಹೇಳಿದೆ: "ದಸರಾ ದಿನ ನಮ್ಮನಿ ಬಾಗಲಾ ತಗದಿರ್ತದ್ರಿ." ಮೊದಲು ಬೆಲೆ ಹೇಳಬಾರದೆಂಬ ದಲಾಲರ ಚಾಳಿ ಬಿಡಲಿಲ್ಲ.

ಗೋಳಗುಮ್ಮಟದ ಹಿಂದಿನ ನಮ್ಮ ಓಣಿಯವರು ಸಂಜೆ ಬಂದರು. ಚೂಡಾ ನಾನೇ ಮಾಡಿದ್ದೆ. ಎಲ್ಲರೂ ಸುಮ್ಮನೆ ತಿಂದರು. ಪಕ್ಕದ ಮನೆಯ ಮುಸಲ್ಮಾನರ ಅಜ್ಜಿ, "ನೀನೂ ಎರಡ ತುತ್ತ ತಿನ್ನಪಾ" ಅಂದಳು. ತಿಂದೆ. ರುಚಿ ತಿಳಿಯಲಿಲ್ಲ. ಆ ತಿಂಗಳುಗಳಲ್ಲಿ ಯಾವುದರ ರುಚಿಯೂ ತಿಳಿಯುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗೆಳೆಯ ಬಂದ. ಚಾಪೆಯ ತುದಿಗೆ ಕೂತು ಒಂದು ಮುಷ್ಟಿ ಚೂಡಾ ಬಾಯಿಗೆ ಹಾಕಿಕೊಂಡ.

"ಲೇ, ಇದಕ್ಕ ಉಪ್ಪ ಯಾವಾಗ ಹಾಕಾಂವ? ಮುಂದಿನ ದಸರಾಕ್ಕ?"

ಮೂರು ವರ್ಷದ ಮೇಲೆ ಅವನ ಮೊದಲ ಮಾತು. ಅಜ್ಜಿ ಬಾಯಿಗೆ ಸೆರಗು ಹಿಡಿದು, "ಹೆಂಗ ಹೇಳೂದಂತ ನಾವು ಸುಮ್ನ ಕುಂತಿದ್ವಿ" ಅಂದಳು. ಎಲ್ಲರೂ ನಕ್ಕರು. ನಾನು ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದೆ.

ಈಗ ಯಾರು ಬಗ್ಗುತ್ತಾರೆಂದು ಓಣಿಯೇ ನೋಡುತ್ತಿತ್ತು. ಅವನು ಬನ್ನಿ ಹಿಡಿದ ಕೈಯನ್ನು ನನ್ನ ಕೈಗೆ ಸೇರಿಸಿ, ಹೆಗಲ ಟವೆಲ್ಲನ್ನು ಎರಡರ ಮೇಲೂ ಹೊದಿಸಿದ. ಸಂತೆಯಲ್ಲಿ ನಾವು ದರ ಕುದುರಿಸುವುದು ಹೀಗೆಯೇ, ಬಾಯಿ ಬಿಡದೆ, ಬಟ್ಟೆಯ ಕೆಳಗೆ ಬೆರಳು ಹಿಡಿದು. ಅವನು ನನ್ನ ಒಂದು ಬೆರಳು ಒತ್ತಿದ: ತಾನು ಒಂದು ವರ್ಷಕ್ಕೆ ಸಣ್ಣವ. ನಾನು ಅವನ ಎರಡು ಬೆರಳು ಹಿಡಿದೆ: ನಾನು ಎರಡು ವರ್ಷಕ್ಕೆ ಸಣ್ಣವ. ಅವನು ಮೂರು. ನಾನು ನಾಲ್ಕು.

"ಹಿಂಗಾದ್ರ ನೀ ಇನ್ನೂ ತೊಟ್ಟಿಲದಾಗ ಇರ್ತೀ ಲೇ," ಎಂದು ಟವೆಲ್ ಎಳೆದ. "ಸೌದಾ ಆತು ಬಿಡು."

ಯಾರೂ ಬಗ್ಗಲಿಲ್ಲ. ಬನ್ನಿ ಎಲೆ ಕೈಯಲ್ಲೇ ಮುದ್ದೆಯಾಗಿತ್ತು. ಮನಸ್ಸು ಹಗುರಾಯಿತು ಎಂದು ಬರೆದರೆ ಸುಳ್ಳು. ಅವನ ಕೈ ಬೆಚ್ಚಗಿದೆ ಎಂಬುದಷ್ಟೇ ಗೊತ್ತಾಯಿತು. ಆಕೆ ಹೇಳಿದ್ದು ನಡೆಯಿತು. ನಡೆಯಿತೆಂದು ಒಳಗೆ ಹೋಗಿ ಹೇಳಲು ಆಕೆ ಇರಲಿಲ್ಲ.

ನೀವೂ ಹಬ್ಬಕ್ಕೆ ನಾಲ್ಕು ಜನರನ್ನು ಕರೆದರೆ ಚೂಡಾ ಹಿಂದಿನ ದಿನವೇ ಮಾಡಿ, ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಉಪ್ಪನ್ನು ಒಗ್ಗರಣೆಯಲ್ಲೇ ಹಾಕಿ. ಮೇಲೆ ಉದುರಿಸಿದರೆ ತಳಕ್ಕೆ ಇಳಿಯುತ್ತದೆ. ಮನಸ್ಸು ನೆಟ್ಟಗಿಲ್ಲದ ದಿನ ರುಚಿ ನೋಡಲು ಬೇರೆಯವರಿಗೆ ಕೊಡಿ, ನಾಚಿಕೆ ಬೇಡ. ಮಾತು ಬಿಟ್ಟವರಿದ್ದರೆ ಸಂತೆಯಲ್ಲಿ ಗಾಳಿಗೆ ಹೇಳಬೇಡಿ, ಬಸ್ಸು ಹತ್ತಿ ಅವರ ಮನೆಗೇ ಹೋಗಿ. ಹೋಗೆಂದು ಹೇಳಿದವರು ಮನೆಯಲ್ಲಿ ಇರುವಾಗಲೇ ಹೋಗಿ ಬನ್ನಿ.