ಮತ್ತೊಮ್ಮೆ ಮಾವನ ಕುರ್ಚಿ ತಿರುಗಿದ ದಿನ

ಇನ್ನೂ ಬೆಳಕು ಹರಿದಿಲ್ಲ. ಅಡುಗೆಮನೆಯ ಮೇಜಿನ ಮುಂದೆ ಕೂತ ಎಪ್ಪತ್ತರ ಹಿರಿಯರೊಬ್ಬರು ಯಾವುದೋ ಸಾಲನ್ನು ಬಾಯೊಳಗೇ ಹೊರಳಿಸುತ್ತ, ಎರಡೂ ಅಂಗೈಗಳಿಂದ ಮೇಜನ್ನು ಒತ್ತುತ್ತಿದ್ದಾರೆ. ಒತ್ತುತ್ತಾರೆ, ಮಡಚುತ್ತಾರೆ, ಮತ್ತೆ ಒತ್ತುತ್ತಾರೆ. ಮೇಜಿನ ಮೇಲೆ ಹಿಟ್ಟೂ ಇಲ್ಲ, ಗಿಟ್ಟೂ ಇಲ್ಲ. ಬೇಕರಿಯಲ್ಲಿ ಆಯಸ್ಸೆಲ್ಲ ಹಿಟ್ಟು ನಾದಿದ ಕೈಗೆ ಅಂಟಿದ ಚಾಳಿ ಅದು. ಪದ್ಯ ಹದಕ್ಕೆ ಬರುವವರೆಗೆ ನಿಲ್ಲುವುದಿಲ್ಲ.

“ಬೆಳಗ್ಗೆ ಬೆಳಗ್ಗೆ ಯಾರ ಹತ್ರ ಜಗಳ?” ಒಳಕೋಣೆಯಿಂದ ಹೆಂಡತಿಯ ದನಿ.

“ಪದ್ಯದ ಹತ್ರ ಕಣೇ.”

“ಗೆದ್ದೋರು ಯಾರು ಅಂತ ಆಮೇಲೆ ಹೇಳಿ” ಎಂದು ಆಕೆ ಮಗ್ಗುಲು ಬದಲಿಸುತ್ತಾರೆ.

ಇವತ್ತು ಮಾತ್ರ ಅವರು ಗೆಲ್ಲಲೇಬೇಕು. ಇನ್ನು ಕೆಲವೇ ಗಂಟೆಗಳಲ್ಲಿ ಅವರು ಬೀದಿ ಕೊನೆಯ ಸಲೂನಿನ ಕುರ್ಚಿ ಹತ್ತಿ ಪದ್ಯ ಓದಬೇಕು. ಕೇಳಲು ಮಗಳು ಬರುತ್ತಿದ್ದಾಳೆ, ಅದೂ ಮೊದಲ ಬಾರಿಗೆ.

ಸಲೂನಿನಲ್ಲಿ ಪದ್ಯವೇ ಎಂದು ಹುಬ್ಬೇರಿಸಬೇಡಿ. ವಾರದ ರಜೆಯ ದಿನ ಅಲ್ಲಿ ಕತ್ತರಿ ಮಲಗುತ್ತದೆ, ಕವಿಗಳು ಏಳುತ್ತಾರೆ. ಸಲೂನಿನ ಯಜಮಾನ, ಆಸ್ಪತ್ರೆಯ ನರ್ಸ್, ಪೇಂಟರ್, ಶಾಲೆಯ ಲೆಕ್ಕದ ಮೇಡಂ, ಹೀಗೆ ಏಳೆಂಟು ಮಂದಿ. ಓದುವವರು ತಿರುಗುವ ಕುರ್ಚಿಯಲ್ಲಿ ಕನ್ನಡಿಗೆ ಬೆನ್ನು ಹಾಕಿ ಕೂರಬೇಕು. “ಕನ್ನಡಿ ನೋಡ್ಕೊಂಡು ಓದಿದ್ರೆ ಎಲ್ಲರಿಗೂ ತಮ್ಮ ಪದ್ಯ ಚೆಂದ ಕಾಣ್ಸುತ್ತೆ” ಅನ್ನುವುದು ಯಜಮಾನನ ಸಿದ್ಧಾಂತ.

ಇನ್ನೊಂದು ಕಟ್ಟಳೆ ಇದೆ. ಪದ್ಯ ಮುಗಿದ ಮೇಲೆ ಯಾರೂ ‘ಚೆನ್ನಾಗಿದೆ’ ಅನ್ನಕೂಡದು. ಮನಸ್ಸಿನಲ್ಲಿ ಉಳಿದ ಸಾಲೊಂದನ್ನು ಕಾಗದ ನೋಡದೆ ತಿರುಗಿ ಹೇಳಬೇಕು. ಏನೂ ಉಳಿಯದಿದ್ದರೆ, ನಾಚಿಕೆ ಬಿಟ್ಟು, “ಮತ್ತೊಮ್ಮೆ ಓದಿ” ಎಂದು ಕೇಳಬೇಕು. ಒಬ್ಬರೂ ಹಾಗೆ ಕೇಳಲಿಲ್ಲವೆಂದರೆ ಯಜಮಾನ ಆ ಕವಿಯನ್ನು ಕುರ್ಚಿಸಮೇತ ಒಂದು ಸುತ್ತು ತಿರುಗಿಸುತ್ತಾನೆ. ಆ ಒಂದು ಸುತ್ತಿಗಾಗಿ ಇವರೆಲ್ಲ ಜೀವ ಬಿಡುತ್ತಾರೆ.

ನಮ್ಮ ಬೇಕರಿಯವರನ್ನು ಆ ಕುರ್ಚಿ ವರ್ಷಗಟ್ಟಲೆ ತಿರುಗಿಸಲಿಲ್ಲ. ಅವರ ಪದ್ಯಗಳಲ್ಲಿ ಬೆಳದಿಂಗಳು ಧಾರಾಳವಾಗಿತ್ತು, ತಾವರೆ ಕೆರೆ ತುಂಬ ಇತ್ತು, ನಡುನಡುವೆ ಹಂಸವೂ ಈಜುತ್ತಿತ್ತು. ಓದಿ ಮುಗಿಸಿದರೆ ಯಾವುದೋ ಮೂಲೆಯಿಂದ “ಮತ್ತೊಮ್ಮೆ ಓದಿ”. ಎಳೆಯರು ಅವರಿಗೆ ‘ಮತ್ತೊಮ್ಮೆ ಮಾವ’ ಎಂದೇ ಹೆಸರಿಟ್ಟರು. ಆದರೆ ಒಮ್ಮೆಯೂ ಯಾರೂ ಬೇಸರಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಡ್ಯೂಟಿ ಮುಗಿಸಿ ಕಣ್ಣು ಎಳೆಯುತ್ತಿದ್ದರೂ ನರ್ಸಮ್ಮ ಅವರಿಂದ ಒಂದೇ ಪದ್ಯವನ್ನು ಮೂರು ಸಲ ಓದಿಸಿ ಕೇಳಿದ್ದುಂಟು.

ಬೇಕರಿಯ ಭಟ್ಟಿಯ ಮುಂದೆ ಮೊದಲು ನಿಂತಾಗ ಅವರಿನ್ನೂ ಮೀಸೆ ಮೂಡದ ಹುಡುಗ, ಬಿಟ್ಟಾಗ ತಲೆ ಪೂರ್ತಿ ಬೆಳ್ಳಗೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊರಟರೆ ಬೆಳಗ್ಗೆಗೆ ಎಂಟುನೂರು ಬ್ರೆಡ್ಡು ಆಗಬೇಕು. ಮನೆ ಸೇರುವ ಹೊತ್ತಿಗೆ ಮಗಳು ಶಾಲೆಯಲ್ಲಿ. ರಜೆಯ ದಿನ ಅವಳು ಆಡುವಾಗ ಇವರಿಗೆ ಗಾಢ ನಿದ್ದೆ. “ಅಪ್ಪ ಮಲಗಿದಾರೆ, ಸದ್ದು ಮಾಡ್ಬೇಡ ಅನ್ನೋದೇ ನಮ್ಮನೆಯ ಲಾಲಿಹಾಡು” ಎಂದು ಹೆಂಡತಿ ನಗುತ್ತಾರೆ. ಅವರು ಮಾತ್ರ ನಗುವುದಿಲ್ಲ.

ಎರಡು ತಿಂಗಳ ಹಿಂದೆ ಅವರು ಸಲೂನಿಗೆ ಬಂದದ್ದು ಪದ್ಯ ಹಿಡಿದಲ್ಲ, ವಿದಾಯ ಹೇಳಲು. ಕುರ್ಚಿ ಹತ್ತಿ ಎಂದರೂ ಹತ್ತದೆ ಬಾಗಿಲಲ್ಲೇ ನಿಂತರಂತೆ.

“ಪದ್ಯ ನನ್ನ ಕೈಲಿ ಆಗ್ಲಿಲ್ಲ ಬಿಡಿ. ಮಗಳು ಬೆಳೆದಿದ್ದನ್ನ ನಾನು ನೋಡ್ಲೇ ಇಲ್ಲ. ರಾತ್ರಿ ಹೊರಡುವಾಗ ಬಾಗಿಲ ಹತ್ರ ಅವಳ ಶೂ ಇರ್ತಿತ್ತು. ಅದು ದೊಡ್ಡದಾಗ್ತಾ ಹೋಯ್ತು. ಓ, ಮಗಳು ಬೆಳೀತಿದ್ದಾಳೆ ಅಂದ್ಕೊಂಡು ಕೆಲಸಕ್ಕೆ ಹೋಗ್ತಿದ್ದೆ. ಇನ್ಮೇಲಾದ್ರೂ ರಜೆಯ ದಿನ ಅವಳ ಮನೇಲಿ ಹೋಗಿ ಕೂತ್ಕೋತೀನಿ.”

ಬೇರೆಲ್ಲೇ ಆಗಿದ್ದರೂ ಜನ ಸಮಾಧಾನ ಹೇಳುತ್ತಿದ್ದರು. ಇವರು ಸಾಲು ತಿರುಗಿ ಹೇಳಿ ರೂಢಿ ಬಿದ್ದವರು. ಪೇಂಟರ್ ಮೆಲ್ಲಗೆ, “ಬಾಗಿಲ ಹತ್ರ ಅವಳ ಶೂ ಇರ್ತಿತ್ತು” ಎಂದ. ನರ್ಸಮ್ಮ, “ಅದು ದೊಡ್ಡದಾಗ್ತಾ ಹೋಯ್ತು” ಎಂದರು. ಲೆಕ್ಕದ ಮೇಡಂ ಅರ್ಧ ಸಾಲು ಹೇಳಿ ಕನ್ನಡಕ ಒರೆಸಿಕೊಂಡರು. ಒಬ್ಬರೂ ಮತ್ತೊಮ್ಮೆ ಎನ್ನಲಿಲ್ಲ.

ಹಾಗಾದರೆ ತಿರುಗಿಸಿ ಎಂದು ಎಲ್ಲರೂ ಯಜಮಾನನ ಕಡೆ ನೋಡಿದರೆ ಆತ ಆಗದು ಎಂದು ತಲೆಯಾಡಿಸಿದನಂತೆ. ರಾಜೀನಾಮೆಗೆಲ್ಲ ಕುರ್ಚಿ ತಿರುಗಿಸಲಾಗದು, ಬರೆದು ತನ್ನಿ, ಬರುವಾಗ ಮಗಳನ್ನೂ ಕರೆತನ್ನಿ, ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಹೇಳಿ ಕಳಿಸಿದನಂತೆ.

ಇಂದು ಆ ದಿನ. ಇದನ್ನೆಲ್ಲ ಕೇಳಿ ಬರೆಯಲು ಬಂದ ನಾನೂ ಕಿಟಕಿಯ ಪಕ್ಕ ಕೂತಿದ್ದೇನೆ. ಮಗಳು ಬಂದು ಗೋಡೆಯ ಬೆಂಚಿನಲ್ಲಿ ಕೂತಿದ್ದಾಳೆ. ನಲವತ್ತು ದಾಟಿದ ಹೆಂಗಸು, ಈಗ ತಾನೂ ತಾಯಿ. ಯಜಮಾನ ಕಟ್ಟಳೆಯನ್ನೆಲ್ಲ ಅವಳಿಗೆ ವಿವರಿಸಿದ್ದಾನೆ. ಮಾವ ಕುರ್ಚಿ ಹತ್ತಿ ಕಾಗದ ಬಿಚ್ಚುತ್ತಾರೆ. ತಾವು ಮನೆಯಲ್ಲಿರಲಿಲ್ಲ ಎಂಬುದನ್ನು ಅವಳೆದುರೇ ಒಪ್ಪಿಕೊಳ್ಳುವ ಪದ್ಯ ಅದು. ಭಟ್ಟಿಗೂ ಹೆದರದ ಮನುಷ್ಯ ಬೆವರುತ್ತಿದ್ದಾರೆ. ಓದುತ್ತಾರೆ. ಬೆಳದಿಂಗಳಿಲ್ಲ, ಹಂಸವಿಲ್ಲ.

ರಾತ್ರಿ ಹೊರಡುವಾಗ ಬಾಗಿಲಲ್ಲಿ ನಿನ್ನ ಶೂ,
ಬೆರಳುದ್ದ ಇದ್ದದ್ದು ಗೇಣುದ್ದ ಆಯಿತು.
ನೀನು ಬೆಳೆದ ಸುದ್ದಿಯನ್ನು
ಅದೇ ನನಗೆ ಹೇಳಿತು.

ಮುಗಿಯಿತು. ನರ್ಸಮ್ಮ ಒಂದು ಸಾಲು ಹೇಳುತ್ತಾರೆ, ಪೇಂಟರ್ ಇನ್ನೊಂದು, ಮೇಡಂ ಈ ಸಲ ಧೈರ್ಯ ಮಾಡಿ ಪೂರ್ತಿ ಹೇಳುತ್ತಾರೆ. ಯಜಮಾನ ಕುರ್ಚಿಯ ಬೆನ್ನಿಗೆ ಕೈ ಹಾಕಿ ಸಿದ್ಧನಾಗಿದ್ದಾನೆ. ಮಗಳ ಸರದಿ. ಅವಳು ನೆಲ ನೋಡುತ್ತ ಹೇಳುತ್ತಾಳೆ: “ಮತ್ತೊಮ್ಮೆ ಓದು.”

ಯಜಮಾನನ ಕೈ ಜಾರುತ್ತದೆ. ಮಾವನ ಮುಖ ನೋಡಲಾಗದೆ ನಾನು ಕಿಟಕಿ ನೋಡುತ್ತೇನೆ.

“ಉಳೀಲಿಲ್ಲ ಅಂತಲ್ಲಪ್ಪ” ಎನ್ನುತ್ತಾಳೆ ಮಗಳು. “ಇನ್ನೊಂದ್ಸಲ ಕೇಳ್ಬೇಕು ಅನ್ಸ್ತಿದೆ. ರಾತ್ರಿ ನಾನು ಶೂನ ಎಲ್ಲೆಲ್ಲೋ ಎಸೆದು ಮಲಗ್ತಿದ್ದೆ. ಬೆಳಗ್ಗೆ ನೋಡಿದ್ರೆ ಎರಡೂ ಜೋಡಿಸಿಟ್ಟಿರ್ತಿತ್ತು. ಅಪ್ಪ ಹೋಗೋ ಮುಂಚೆ ನನ್ನ ನೆನಸ್ಕೊಂಡಿದ್ದಾನೆ ಅಂತ ನನಗೂ ಅದರಿಂದ್ಲೇ ಗೊತ್ತಾಗ್ತಿತ್ತು.”

ಮಾವ ಮತ್ತೊಮ್ಮೆ ಓದುತ್ತಾರೆ. ಈ ಸಲ ಕಾಗದ ಮಡಿಲಲ್ಲಿ ಬಿದ್ದಿದೆ, ಕಣ್ಣು ಮಗಳ ಮೇಲಿದೆ. ಕೊನೆಯ ಸಾಲು ಅವರಿಗಿಂತ ಮುಂಚೆ ಅವಳ ಬಾಯಲ್ಲಿ ಬರುತ್ತದೆ. ಮತ್ತೊಮ್ಮೆ ಎಂದ ಮೇಲೆ ತಿರುಗಿಸುವಂತಿಲ್ಲವಲ್ಲ, ಈಗೇನು ಮಾಡುವುದು ಎಂದು ಯಜಮಾನ ತಲೆ ಕೆರೆದುಕೊಂಡರೆ ನರ್ಸಮ್ಮ ಗದರುತ್ತಾರೆ, ಸುಮ್ಮನೆ ತಿರುಗಿಸಿ ಎಂದು. ತಿರುಗಿಸಿದ ನೋಡಿ! ಒಂದಲ್ಲ, ಮೂರು ಸುತ್ತು. ಚಪ್ಪಾಳೆಗೆ ಕಪಾಟಿನ ಬಾಚಣಿಗೆಗಳು ಅದುರುತ್ತವೆ. ಎಪ್ಪತ್ತರ ಹಿರಿಯರು ಕಾಲೆತ್ತಿಕೊಂಡು ನಗುತ್ತ ಗಿರ್ರನೆ ಸುತ್ತುತ್ತಾರೆ.

ತಲೆಸುತ್ತು ಇಳಿದ ಮೇಲೆ ಕೇಳುತ್ತೇನೆ, ಇನ್ನು ಪದ್ಯಗಳ ಪುಸ್ತಕ ತರುತ್ತೀರಾ ಎಂದು. ಅವರು ಬಾಗಿಲ ಕಡೆ ನೋಡುತ್ತಾರೆ. ಮಗಳು ಅಲ್ಲಿ ನಿಂತು ಅಪ್ಪನ ಚಪ್ಪಲಿಗಳನ್ನು ಕಾಲಲ್ಲೇ ಸರಿಸಿ ಜೋಡಿಸಿಡುತ್ತಿದ್ದಾಳೆ.

“ಪುಸ್ತಕ ಯಾಕ್ರೀ? ಅವಳಿಗೆ ಬಾಯಿಪಾಠ ಆಗಿದೆಯಲ್ಲ.”