ಹೆಸರು ಕತ್ತರಿಸಿದ ಕತೆ

ನಿನ್ನೆ ಕಾಪುವಿನ ನಮ್ಮ ಮನೆಗೆ ಕಾರ್ಕಳದಿಂದ ಒಂದು ಲಕೋಟೆ ಬಂತು. ಒಳಗೆ ಆರು ಹಾಳೆಯ ಜೆರಾಕ್ಸ್ ಕತೆ. ಮೊದಲ ಹಾಳೆಯ ಮೇಲ್ಭಾಗವನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದಾರೆ, ಬರೆದವರ ಹೆಸರಿಲ್ಲ. ನೋಡಿ, ನನಗೆ ಅಲ್ಲಿಯೇ ನಗು ಬಂತು. ಈ ಕತ್ತರಿ ವಿದ್ಯೆ ನನ್ನದೇ.

ಉಡುಪಿಯ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದಾಗ, ಮಕ್ಕಳಿಗೆ ಕತೆ ಹಂಚುವ ಮೊದಲು ಹೆಸರು ಕತ್ತರಿಸುತ್ತಿದ್ದೆ. ದೊಡ್ಡ ಹೆಸರು ಕಂಡರೆ ಕೈಮುಗಿಯುತ್ತಾರೆ, ಓದುವುದಿಲ್ಲ ಎಂದು ನನ್ನ ನಂಬಿಕೆ. ಹೆಸರು ಹೋಯಿತು, ಕೈಮುಗಿಯುವುದು ಹೋಗಲಿಲ್ಲ. ‘ಕತೆ ಉತ್ತಮವಾಗಿದೆ, ಸಮಾಜಕ್ಕೆ ಒಳ್ಳೆಯ ಸಂದೇಶವಿದೆ’ ಎಂದು ಎಲ್ಲರ ಪುಸ್ತಕದಲ್ಲೂ ಒಂದೇ ವಾಕ್ಯ. ಬೆಕ್ಕು ಕಳೆದುಹೋದ ಕತೆಯಲ್ಲೂ ಸಮಾಜಕ್ಕೆ ಸಂದೇಶ!

ಒಮ್ಮೆ ನನಗೊಂದು ಚಪಲ ಹುಟ್ಟಿತು. ನನ್ನದೇ ಒಂದು ಕತೆಯಿಂದ ನನ್ನ ಹೆಸರು ಕತ್ತರಿಸಿ ಹಂಚಿದೆ. ಹೊಗಳಿಕೆಯನ್ನು ಕದ್ದು ಕೇಳುವ ಆಸೆ, ಇನ್ನೇನು. ಗಂಡನನ್ನು ಕಳೆದುಕೊಂಡ ಮೀನು ಮಾರುವ ಹೆಂಗಸೊಬ್ಬಳು ಬುಟ್ಟಿ ಹೊತ್ತು, ತುಟಿ ಬಿಚ್ಚದೆ, ಕಣ್ಣೀರು ನುಂಗಿಕೊಂಡು ಮನೆಮನೆ ಅಲೆಯುವ ಕತೆ. ನಮ್ಮ ಮನೆಗೆ ಮೀನು ತರುವ ಪದ್ಧತಿಯೇ ಇಲ್ಲ ಎಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ.

ಹಿಂದಿನ ಬೆಂಚಿನಲ್ಲಿ ಮಲ್ಪೆಯ ಸುಚಿತ್ರಾ ಕೂರುತ್ತಿದ್ದಳು. ಅವಳ ಅಮ್ಮ ಮೀನು ಮಾರುವವರು. ವರ್ಷವಿಡೀ ಬಾಯಿ ತೆರೆಯದ ಆ ಹುಡುಗಿ ಅಂದು ಕಿಸಕ್ಕನೆ ನಕ್ಕಳು.

“ಎಂತ ಸುಚಿತ್ರಾ?” ಎಂದೆ.

“ಮಾತಾಡದೆ ಮೀನು ಮಾರ್ಲಿಕ್ಕೆ ಆಗ್ತದಾ ಮೇಡಂ? ಅಪ್ಪ ಹೋದ ಮೇಲೆ ಅಮ್ಮ ಮೊದಲ ಸಲ ಬುಟ್ಟಿ ಹೊತ್ತಾಗ ನಾನೂ ಒಟ್ಟಿಗೆ ಹೋಗಿದ್ದೆ. ಅಮ್ಮ ಅತ್ತದ್ದು ಹೌದು. ಆದ್ರೆ ಮೀನು ತಾಜಾ ಇಲ್ಲ ಅಂದವರಿಗೆ ಅಳ್ತಾ ಅಳ್ತಾ ಬೈದದ್ದೂ ಉಂಟು.”

ನಾನು ಬಿಡಲಿಲ್ಲ. ಮೌನವೇ ದುಃಖದ ಭಾಷೆ, ಅದು ಕತೆಗಾರರ ತಂತ್ರ ಎಂದೆಲ್ಲ ವಾದಿಸಿದೆ.

“ತಂತ್ರ ಎಂತದೂ ಅಲ್ಲ ಮೇಡಂ. ಬರೆದವರಿಗೆ ಅವಳು ಪಾಪ ಅಂತ ಕಂಡಿತು. ಅದಕ್ಕೇ ಬಾಯಿ ಕೊಡ್ಲಿಲ್ಲ.”

ಇಡೀ ಕ್ಲಾಸು ಎಚ್ಚೆತ್ತಿತು. ಕೊನೆ ಸರಿಯಿಲ್ಲ ಎಂದು ಒಬ್ಬ, ಮಳೆ ಯಾಕೆ ಅಷ್ಟು ಸುರಿಯಬೇಕು ಎಂದು ಇನ್ನೊಬ್ಬಳು. ಗದ್ದಲಕ್ಕೆ ಪಕ್ಕದ ಕೋಣೆಯ ಗಣಿತದ ಸರ್ ಇಣುಕಿ ಹೋದರು. ನನ್ನ ಕಿವಿ ಬಿಸಿಯಾಗಿತ್ತು. ಆದರೆ ಅಷ್ಟು ಖುಷಿಯ ಪಾಠ ನಾನು ಅದುವರೆಗೆ ಮಾಡಿರಲಿಲ್ಲ.

“ಇದು ಬರೆದದ್ದು ಯಾರು ಮೇಡಂ?” ಎಂದು ಯಾರೋ ಕೇಳಿದರು.

ಹೇಳಿದರೆ ಈಗಷ್ಟೇ ತೆರೆದ ಬಾಯಿಗಳೆಲ್ಲ ಮತ್ತೆ ಮುಚ್ಚಿಕೊಳ್ಳುತ್ತವೆ ಎಂದು ಹೆದರಿಕೆಯಾಯಿತು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ನಾನೇ” ಎಂದೆ. ಸುಚಿತ್ರಾಳ ಮುಖ ಬಿಳಿಚಿತು. ಆಮೇಲೆ ಮೆಲ್ಲಗೆ, “ಆದ್ರೂ ಸರಿಯಿಲ್ಲ ಮೇಡಂ” ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಈಗ ಅವಳು ಕಾರ್ಕಳದಲ್ಲಿ ಕನ್ನಡ ಟೀಚರ್. ಲಕೋಟೆಯ ಕತೆ ಅವಳದೇ ಎಂದು ಎರಡನೇ ಪುಟಕ್ಕೆ ಗೊತ್ತಾಯಿತು. ಅದರಲ್ಲಿ ನಿವೃತ್ತ ಅಧ್ಯಾಪಕಿಯೊಬ್ಬರಿದ್ದಾರೆ, ಮಹಾ ಕರುಣಾಮಯಿ. ಹಳೆಯ ವಿದ್ಯಾರ್ಥಿನಿ ನೋಡಲು ಬಂದರೆ ಸಮುದ್ರದ ಕಡೆ ನೋಡುತ್ತ ಸುಮ್ಮನೆ ಮುಗುಳ್ನಗುತ್ತಾರೆ. ಆರು ಪುಟದಲ್ಲಿ ಅವರದು ಒಂದೇ ಒಂದು ಮಾತಿಲ್ಲ! ಓದಿ ಕಣ್ಣು ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನಿವೃತ್ತಿಯ ನಂತರ ಮುಟ್ಟದ ಕೆಂಪು ಪೆನ್ನನ್ನು ಹುಡುಕಿ ತೆಗೆದು, ಹಾಳೆಯ ಅಂಚಿನಲ್ಲಿ ದೊಡ್ಡದಾಗಿ ಬರೆದೆ:

“ಈ ಮುದುಕಿಯ ಬಾಯಿ ಎಲ್ಲಿ ಮಾರಾಯ್ತಿ?”