ಬೇಲಿಯಿಲ್ಲದ ಒರತೆ

ಮೊನ್ನೆ ಆಲ್ದೂರಿನ ಗೊಬ್ಬರದಂಗಡಿಗೆ ಹೋಗಿದ್ದೆ. ಅಂಗಡಿಯವರು ಒಳಗಿನಿಂದ ಔಷಧಿ ಕ್ಯಾನು ತರುವಾಗ ಮುಚ್ಚಳ ಸಡಿಲಾಗಿ ನಾಲ್ಕು ಹನಿ ನೆಲಕ್ಕೆ ಬಿತ್ತು. ಸೀಮೆಎಣ್ಣೆಯ ಹಾಗಿದ್ದರೂ ಅದಕ್ಕಿಂತ ಒಂದಿಷ್ಟು ಸಿಹಿಯಾದ, ಗಂಟಲಲ್ಲಿ ಕೂತುಬಿಡುವ ವಾಸನೆ. ತಗೊಳ್ಳಬೇಕಾದ್ದನ್ನು ತಗೊಳ್ಳದೆ ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತೆ. ಆ ವಾಸನೆ ಮೂಗಿಗೆ ಬಿದ್ದು ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಅದರ ಹಿಂದೆಯೇ ಇಂಜಿನಿಯರಮ್ಮನ ಮುಖವೂ ಬಂತು...

ಅವರು ಪರದೇಶದವರು. ಐವತ್ತು ದಾಟಿದ, ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರದ ಹೆಂಗಸು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ದೇಶದ ಸರ್ಕಾರ ನಮ್ಮ ಕಡೆಯ ಕೆಲವು ಊರುಗಳಿಗೆ ಕುಡಿಯುವ ನೀರಿನ ಯೋಜನೆ ಕೊಟ್ಟಿತ್ತು. ಕಳಸದ ಹತ್ತಿರದ ಒಂದು ಕೂಲಿಕಾರರ ಕಾಲೋನಿಯ ಕೆಲಸ ಇವರ ಪಾಲಿಗೆ ಬಂದಿತ್ತು. ನಾನು ಆಗಷ್ಟೇ ಡಿಗ್ರಿ ಮುಗಿಸಿ ಮನೆಯಲ್ಲಿದ್ದೆ. ಇಂಗ್ಲಿಷು ಬರುತ್ತದೆ ಅಂತ ಯಾರೋ ಹೇಳಿದ್ದಕ್ಕೆ ಅವರ ಮಾತನ್ನು ಕನ್ನಡಕ್ಕೆ, ಕಾಲೋನಿಯವರ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವ ಕೆಲಸ ನನಗೆ ಸಿಕ್ಕಿತು.

ಇಷ್ಟು ಮಳೆ ಬೀಳುವ ಕಡೆ ನೀರಿಗೆ ಏನು ಬರ ಅಂತ ಹೊರಗಿನವರು ಕೇಳುತ್ತಿದ್ದರು. ಕಾಲೋನಿಯ ಹೆಂಗಸರು ನೀರು ತರುತ್ತಿದ್ದುದು ಕೆಳಗಿನ ಹಳ್ಳದಿಂದ. ಕಾಫಿ ಕುಯ್ಲು ಶುರುವಾದರೆ ಮೇಲಿನ ಎಸ್ಟೇಟುಗಳಲ್ಲಿ ಹಣ್ಣಿನ ಸಿಪ್ಪೆ ತೆಗೆದ ನೀರೆಲ್ಲ ಆ ಹಳ್ಳಕ್ಕೇ ಬಂದು, ನೀರು ಕಂದುಬಣ್ಣಕ್ಕೆ ತಿರುಗಿ ಹುಳಿವಾಸನೆ ಹೊಡೆಯುತ್ತಿತ್ತು. ಕುಯ್ಲು ಮುಗಿಯುವ ಹೊತ್ತಿಗೆ ಹಳ್ಳವೇ ಬತ್ತುತ್ತಿತ್ತು. ಪ್ರತಿ ಬೇಸಿಗೆಯೂ ವಾಂತಿಭೇದಿ, ಕಾಮಾಲೆ ಇದ್ದದ್ದೇ.

ಇಂಜಿನಿಯರಮ್ಮ ಗುಡ್ಡ ಹತ್ತಿ ಇಳಿದು, ಜಿಗಣೆ ಕಚ್ಚಿಸಿಕೊಂಡು, ಕೊನೆಗೆ ಕಾಡಂಚಿನಲ್ಲಿ ಬೇಸಿಗೆಯಲ್ಲೂ ಬತ್ತದ ಒಂದು ಒರತೆ ಹುಡುಕಿದರು. ಅಲ್ಲಿಗೊಂದು ತೊಟ್ಟಿ ಕಟ್ಟಿ, ಅಲ್ಲಿಂದ ಕೊಳವೆಯಲ್ಲಿ ಕಾಲೋನಿಗೆ ನೀರು ಇಳಿಸುವುದು ಅವರ ಯೋಚನೆ. ಜಿಗಣೆಗೆ ಹೆದರದ ಅವರು ನಮ್ಮ ಬಸ್ಸು ಡ್ರೈವರುಗಳಿಗೆ ಮಾತ್ರ ಹೆದರುತ್ತಿದ್ದರು. ಘಾಟಿ ತಿರುವು ಬಂದರೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದರು. ಅವರ ಅಜ್ಜಿ ಹೆಗಲ ಮೇಲೆ ಅಡ್ಡೆ ಹೊತ್ತು ನೀರು ತರುತ್ತಿದ್ದರಂತೆ. ಅಜ್ಜಿಯ ಹೆಗಲಲ್ಲಿ ಕೊನೆವರೆಗೂ ಗುಳಿ ಉಳಿದಿತ್ತು ಅಂತ ಒಂದು ಸಲ ತಮ್ಮ ಹೆಗಲು ಮುಟ್ಟಿ ತೋರಿಸಿದ್ದರು.

ಕಾಲೋನಿಯಲ್ಲಿ ಅವರಿಗೆ ತುಂಬ ಹತ್ತಿರವಾದವಳು ಲಲಿತ. ಸೀತಕ್ಕ ಅನ್ನುವವರ ಸೊಸೆ. ಮದುವೆಯಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಬೆಳಿಗ್ಗೆ ತೊಟ್ಟಿಯ ವಾಲ್ವು ತಿರುಗಿಸಿ ನೀರು ಬಿಡುವ ಕೆಲಸಕ್ಕೆ ಅವಳನ್ನು ಆರಿಸಿದರು. ಕಲಿಸುವಾಗ ನಾನು ಬೇಕಾಗುತ್ತಲೇ ಇರಲಿಲ್ಲ. ಅವರು ಏನೋ ಅನ್ನುವರು, ಇವಳು ಏನೋ ಅನ್ನುವಳು, ಇಬ್ಬರೂ ಮೈಮೇಲೆಲ್ಲ ನೀರು ಹಾರಿಸಿಕೊಂಡು ನಗುವರು.

ಒರತೆಯ ಮೇಲ್ಗಡೆ ಒಂದು ಎಸ್ಟೇಟಿನ ಜಾಗ ಇತ್ತು. ಆ ಇಳಿಜಾರಿನ ಸ್ವಲ್ಪ ಭಾಗ ಬಿಡಿಸಿ ಬೇಲಿ ಹಾಕಬೇಕು, ಅಲ್ಲಿ ಕೃಷಿ ಕೆಲಸ ಏನೂ ನಡೆಯಬಾರದು ಅಂತ ಇಂಜಿನಿಯರಮ್ಮ ಮೊದಲಿಂದಲೂ ಹೇಳುತ್ತಿದ್ದರು. ಬೆಂಗಳೂರಿನಲ್ಲಿದ್ದ ಅವರ ಆಫೀಸು ಒಪ್ಪಲಿಲ್ಲ. ನಮ್ಮ ಸಹಾಯ ತೊಟ್ಟಿಗೆ, ಕೊಳವೆಗೆ, ನಲ್ಲಿಗೆ. ಜಾಗ ಕಾಯುವುದು ಇಲ್ಲಿಯವರ ಕೆಲಸ ಅಂದರು. ಪಂಚಾಯ್ತಿಯವರು ಅದು ಖಾಸಗಿ ಜಾಗ, ನಮ್ಮ ಕೈಯಲ್ಲಿಲ್ಲ ಅಂದರು. ಇಂಜಿನಿಯರಮ್ಮ ಜಗಳವಾಡಿದರು. ಅಷ್ಟರಲ್ಲಿ ಉದ್ಘಾಟನೆಗೆ ದಿನ ಗೊತ್ತಾಯಿತು. ಆ ದೇಶದ ದೊಡ್ಡ ಅಧಿಕಾರಿ ಬರುವುದೂ ನಿಶ್ಚಯವಾಯಿತು. ಬೇಲಿಯ ಮಾತು ಹಾಗೇ ಉಳಿಯಿತು. ನಲ್ಲಿಗೆ ಹೂ ಸುತ್ತಿ, ಎರಡೂ ದೇಶದ ಬಾವುಟ ಕಟ್ಟಿ, ಮೊದಲ ನೀರನ್ನು ಲಲಿತಳ ಕೈಯಲ್ಲಿ ಬಿಡಿಸಿದರು. ಕೊಡಗಳ ಸಾಲು ರಸ್ತೆವರೆಗೂ ಇತ್ತು. ಇಂಜಿನಿಯರಮ್ಮನೂ ಆ ದಿನ ನಗುತ್ತಲೇ ಇದ್ದರು.

ಮುಂದಿನ ಬೇಸಿಗೆಯ ಮೊದಲ ಮಳೆ ಬಿದ್ದ ಮಾರನೆ ದಿನ. ನಾನು ಮನೆಗೆ ಬಂದು ತಿಂಗಳುಗಳಾಗಿದ್ದವು. ಕಾಲೋನಿಯಿಂದ ಯಾರೋ ಫೋನು ಮಾಡಿ, ನೀರು ಕುಡಿದವರೆಲ್ಲ ಬಿದ್ದಿದ್ದಾರೆ, ಬೇಗ ಬನ್ನಿ ಅಂದರು. ಸಿಕ್ಕಿದ ಬಸ್ಸು ಹತ್ತಿ ಹೋದೆ. ನಲ್ಲಿಯ ಕೆಳಗಿನ ಬಾನಿಯ ಸುತ್ತ ಕೋಳಿಗಳು ರೆಕ್ಕೆ ಬಿಚ್ಚಿಕೊಂಡು ಸತ್ತಿದ್ದವು. ಒಂದು ಹಸು ಕಾಲು ಚಾಚಿ ಮಲಗಿತ್ತು. ಬಿದ್ದವರನ್ನು ಜೀಪಿನಲ್ಲಿ ಮೂಡಿಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಗಾಳಿಯಲ್ಲೆಲ್ಲ ಆ ಸಿಹಿ ಸೀಮೆಎಣ್ಣೆ ವಾಸನೆ.

ಮೇಲಿನ ಎಸ್ಟೇಟಿನಲ್ಲಿ ಕಾಂಡ ಕೊರೆಯುವ ಹುಳಕ್ಕೆ ಗಿಡಗಳಿಗೆ ಔಷಧಿ ಬಳಿಯುತ್ತಿದ್ದರು. ಔಷಧಿ ಕಲಸಿ, ಡ್ರಮ್ಮು ತೊಳೆದದ್ದು ಒರತೆಯ ನೆತ್ತಿಯ ಮೇಲೇ. ಸಂಜೆಯ ಮಳೆ ಅದನ್ನೆಲ್ಲ ತೊಟ್ಟಿಗೆ ಇಳಿಸಿತ್ತು. ನೀರು ಕದಡಿ ಬಂದದ್ದನ್ನು ನೋಡಿ ಮೊದಲ ಮಳೆಗೆ ಹೀಗೇ ಅಂದುಕೊಂಡರಂತೆ. ಲಲಿತ ದಿನದ ಹಾಗೆ ನೀರು ಬಿಟ್ಟು, ಮೊದಲು ತಾನೊಂದು ಚೊಂಬು ಕುಡಿದಿದ್ದಳು. ಉಳಿದವರು ಬದುಕಿದರು. ಅವಳು ದಾರಿಯಲ್ಲಿ ಕೊಟ್ಟಿಗೆಹಾರ ದಾಟುವ ಮೊದಲೇ ಜೀಪಿನಲ್ಲೇ ಪ್ರಾಣ ಬಿಟ್ಟಳು.

ಇಂಜಿನಿಯರಮ್ಮ ಬೆಂಗಳೂರಿನಲ್ಲಿದ್ದರು. ಯೋಜನೆ ಮುಗಿದು, ಊರಿಗೆ ಹೋಗುವ ವಿಮಾನದ ಟಿಕೆಟ್ಟೂ ಆಗಿತ್ತು. ಕಳಸದ ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಹೇಳಿದೆ. ಅವರು ಲಲಿತ ಹೇಗಿದ್ದಾಳೆ ಅಂತ ಮಾತ್ರ ಕೇಳಿದರು. ಲಲಿತ ಅಂತಷ್ಟೇ ಅಂದೆ. ಅವರಿಗೆ ಗೊತ್ತಾಯಿತು.

ಮಾರನೆ ದಿನ ಬಂದವರು ಯಾರನ್ನೂ ಮಾತಾಡಿಸದೆ ನೇರ ಗುಡ್ಡ ಹತ್ತಿದರು. ಡ್ರಮ್ಮುಗಳು ಇನ್ನೂ ಅಲ್ಲೇ ಬಿದ್ದಿದ್ದವು. ಒಂದೊಂದನ್ನೇ ಒರತೆಯಿಂದ ದೂರಕ್ಕೆ ಉರುಳಿಸಿದರು. ಆಮೇಲೆ ಕೈ ಒರೆಸಿಕೊಂಡು, ಸೀತಕ್ಕನ ಮನೆಗೆ ಕರೆದುಕೊಂಡು ಹೋಗು ಅಂದರು. ಬೇಡ, ಜನ ಸಿಟ್ಟಲ್ಲಿದ್ದಾರೆ ಅಂತ ನಾನು ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲವೇನೋ.

ಸೀತಕ್ಕ ಜಗಲಿಯಲ್ಲಿ ಕೂತಿದ್ದರು. ಎದುರಿಗೆ ಸೊಸೆ ಆ ಬೆಳಿಗ್ಗೆ ತುಂಬಿಸಿ ತಂದಿದ್ದ ಕೊಡ. ಅವರು ಅಳುತ್ತಿರಲಿಲ್ಲ. ನನ್ನ ಕಡೆ ನೋಡಿ, "ಇವ್ರನ್ನ ಒಂದು ಮಾತು ಕೇಳಮ್ಮ" ಅಂದರು. "ಪಂಚಾಯ್ತಿಯವ್ರು ಎಸ್ಟೇಟಿನವ್ರನ್ನ ಕೇಳಿ ಅಂತಾರೆ. ಎಸ್ಟೇಟು ಸಾವ್ಕಾರ್ರು ಆಳುಗಳನ್ನ ನೋಡ್ಕೊಳ್ಳೋ ರೈಟ್ರನ್ನ ಕೇಳಿ ಅಂತಾರೆ. ನೀರು ಕೊಟ್ಟವ್ರು ಇವ್ರು. ನಾವೀಗ ಯಾರನ್ನ ಕೇಳ್ಬೇಕು?"

ನಾನು ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆಯುವ ಮೊದಲೇ ಇಂಜಿನಿಯರಮ್ಮ ಕಾಲೋನಿಯಲ್ಲಿ ಕಲಿತ ಚೂರುಪಾರು ಕನ್ನಡದಲ್ಲೇ, "ನನ್ನ ಕೇಳಿ" ಅಂದರು.

ಆಮೇಲೆ ಇಂಗ್ಲಿಷಿನಲ್ಲಿ ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಬೇಲಿ ಇಲ್ಲದಿದ್ದರೆ ಹೀಗಾಗಬಹುದು ಅಂತ ತನಗೆ ಗೊತ್ತಿತ್ತು. ಗೊತ್ತಿದ್ದೂ ಕೆಲಸ ಸರಿಯಾಗಿ ಮುಗಿದಿದೆ ಅಂತ ಸಹಿ ಹಾಕಿದ್ದು ತಾನೇ ಅಂದರು. ನಾನು ಕನ್ನಡಕ್ಕೆ ಮಾಡದೆ ತಡೆದೆ. ಇದನ್ನು ಇಲ್ಲಿ, ಈಗ, ಈ ಜನರ ಮುಂದೆ ಹೇಗೆ ಹೇಳಲಿ? ಹೇಳು ಅಂದರು. ಹೇಳಿದೆ. ಸುತ್ತ ನಿಂತಿದ್ದವರು ಹೊಡೆಸಿಕೊಂಡವರ ಹಾಗೆ ಹಿಂದೆ ಸರಿದರು. ಅಷ್ಟು ದಿನ ಜೊತೆಗಿದ್ದ ನನಗೂ ಅವರು ಅದನ್ನು ಹಾಗೆ ಹೇಳಿರಲಿಲ್ಲ. ಸೀತಕ್ಕ ಎದ್ದರು. ಕೊಡದ ನೀರನ್ನು ಇಂಜಿನಿಯರಮ್ಮನ ಕಾಲ ಮುಂದೆ ಅಂಗಳಕ್ಕೆ ಚೆಲ್ಲಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಇಂಜಿನಿಯರಮ್ಮ ಊರಿಗೆ ಹೋಗಲಿಲ್ಲ. ಆಫೀಸಿಗೆ ಫೋನು ಮಾಡಿ, ಬೇಲಿ ಹಾಕಿಸಿ, ಕೊಳವೆ ಬದಲಿಸಿ ಅಂತ ಕೇಳಿದರು. ಯೋಜನೆಯನ್ನು ಇಲ್ಲಿಯವರಿಗೆ ಒಪ್ಪಿಸಿ ಆಗಿದೆ, ಇನ್ನು ನಮ್ಮದೇನೂ ಇಲ್ಲ, ನೀವು ಬಾಯಿ ಬಿಡಬೇಡಿ ಅಂದರಂತೆ. ಅವರು ಆಗಲೇ ಕೆಲಸ ಬಿಟ್ಟರು. ಕಾಲೋನಿಯ ಖಾಲಿ ಮನೆಯೊಂದರಲ್ಲಿ ಉಳಿದು, ಆ ಜಾಗ ಬಿಟ್ಟುಕೊಡಿ ಅಂತ ದಿನಾ ಎಸ್ಟೇಟಿನ ಕಾಫಿ ಕಣದ ಅಂಚಿಗೆ ಹೋಗಿ ಕೂರುತ್ತಿದ್ದರು. ಸಾವ್ಕಾರರು ಮೊದಮೊದಲು ಮುಖ ಕೊಡಲಿಲ್ಲ. ಒಂದು ಬೆಳಿಗ್ಗೆ ತಾವೇ ಇಳಿದು ಬಂದು, ನಡೀರಿ ಅಂದು ಅವರ ಜೊತೆ ಗುಡ್ಡ ಹತ್ತಿದರು. ಒರತೆಯ ನೆತ್ತಿಯ ಮೇಲೆ ಡ್ರಮ್ಮು ತೊಳೆದ ಕಡೆ ಬಗ್ಗಿ ನೋಡಿದರು. ಇಳಿಯುವಾಗ ಆ ಜಾಗ ಬಿಟ್ಟುಕೊಡುತ್ತೇನೆ ಅಂದರು.

ಎಸ್ಟೇಟಿನ ಆಳುಗಳೂ ಕಾಲೋನಿಯವರೂ ಸೇರಿ ಕಲ್ಲುಕಂಬ ಹೊತ್ತು ಬೇಲಿ ಹಾಕಿದರು. ಇಂಜಿನಿಯರಮ್ಮನೂ ಹಾರೆ ಹಿಡಿದು ಗುಂಡಿ ತೆಗೆದರು. ಮಳೆಗಾಲ ಪೂರ್ತಿ ನೀರನ್ನು ಹಾಗೇ ಹರಿಯಬಿಟ್ಟು, ತೊಟ್ಟಿ ಮತ್ತೆ ಮತ್ತೆ ಉಜ್ಜಿಸಿದರು. ಪರೀಕ್ಷೆಯಲ್ಲಿ ನೀರು ಒಳ್ಳೆಯದು ಅಂತ ಬಂತು. ಆದರೆ ಯಾರೂ ಮುಟ್ಟಲಿಲ್ಲ. ಇಂಜಿನಿಯರಮ್ಮ ದಿನಾ ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ನಲ್ಲಿ ಹತ್ತಿರ ನಿಂತು ಒಂದು ಚೊಂಬು ನೀರು ಕುಡಿಯುತ್ತಿದ್ದರು. ಕುಡಿದು, ಸಂಜೆ ಅದೇ ದಾರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಓಡಾಡುತ್ತಿದ್ದರು. ನಿಧಾನಕ್ಕೆ ಒಬ್ಬೊಬ್ಬರೇ ಕೊಡ ತಂದರು. ಸೀತಕ್ಕ ಮಾತ್ರ ಹಳ್ಳಕ್ಕೇ ಹೋಗುತ್ತಿದ್ದರು.

ವೀಸಾ ಮುಗಿದು ಅವರು ಹೊರಟ ದಿನ ಕಾಲೋನಿಯೆಲ್ಲ ರಸ್ತೆಗೆ ಬಂದಿತ್ತು. ಸೀತಕ್ಕನ ಬಾಗಿಲು ತೆರೆಯಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇಂಜಿನಿಯರಮ್ಮ ಆ ಬಾಗಿಲನ್ನೇ ನೋಡುತ್ತಿದ್ದರು... ಆಮೇಲೆ ವರ್ಷಕ್ಕೊಮ್ಮೆ ಫೋನು ಬರುತ್ತಿತ್ತು. ನೀರು ಬರುತ್ತಾ ಅಂತ ಕನ್ನಡದಲ್ಲೇ ಕೇಳುತ್ತಿದ್ದರು. ಒಂದು ವರ್ಷ ಅವರ ಬದಲು ಅವರ ತಂಗಿಯ ಮಗಳು ಮಾತಾಡಿದಳು. ಇಂಜಿನಿಯರಮ್ಮ ಒಬ್ಬರೇ ಇದ್ದ ಮನೆಯಲ್ಲಿ ತೀರಿಕೊಂಡಿದ್ದರು. ಪಕ್ಕದವರಿಗೆ ಗೊತ್ತಾಗಿದ್ದು ಕೆಲವು ದಿನ ಕಳೆದ ಮೇಲೆ.

ಆ ಸುದ್ದಿಯನ್ನು ಕಾಲೋನಿಗೆ ಮುಟ್ಟಿಸುವ ಧೈರ್ಯ ನನಗೆ ಇಷ್ಟು ವರ್ಷ ಬಂದಿರಲಿಲ್ಲ. ಮೊನ್ನೆ ಆಲ್ದೂರಿನ ಕಟ್ಟೆ ಮೇಲೆ ಕೂತವಳು ಮನೆ ಕಡೆಯ ಬಸ್ಸು ಬಿಟ್ಟು ಕಳಸದ ಕಡೆಯ ಬಸ್ಸು ಹತ್ತಿದೆ. ಕಾಲೋನಿಯಲ್ಲೀಗ ತಾರಸಿ ಮನೆಗಳು. ಬೇಲಿಯ ತಂತಿ ತುಕ್ಕು ಹಿಡಿದಿದೆ, ಒಳಗೆ ಕಾಡು ಒತ್ತಾಗಿ ಬೆಳೆದಿದೆ, ನೀರು ಬರುತ್ತಿದೆ. ಸೀತಕ್ಕನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ದನಿಯಿಂದಲೇ ಗುರುತು ಹಿಡಿದು, "ಆ ಇಂಜಿನಿಯರಮ್ಮ ಹೇಗಿದ್ದಾರೆ ಮಾರಾಯ್ತಿ?" ಅಂತ ಅವರೇ ಕೇಳಿದರು.

ಹೇಳಿದೆ. ಒಬ್ಬರೇ ಇದ್ದರು ಅನ್ನುವುದನ್ನೂ ಹೇಳಿದೆ. ಸೀತಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ನಾನು ಎದ್ದು ಹೊರಡುವ ಹೊತ್ತಿಗೆ ಕೈ ಹಿಡಿದು ನಿಲ್ಲಿಸಿದರು.

"ಹಾಗಾದ್ರೆ ಜೀವ ಹೋಗುವಾಗ ಅವ್ರ ಬಾಯಿಗೆ ನೀರು ಬಿಟ್ಟವ್ರು ಯಾರು?"